ಬೋಲ್ಟು ಅಫಿಡವಿಟ್ ತರುವುದಿಲ್ಲ

ಇದು ಜಗಳದ ಬರಹ ಎಂದು ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ತರಗತಿಯಲ್ಲಿ "ಜಗಳ ಆಡಬೇಡ್ರೋ" ಎಂದು ಕೂಗಿ ಗಂಟಲು ಒಣಗಿಸಿಕೊಂಡವಳು ಈಗ ನಾನೇ ಸೆರಗು ಸಿಕ್ಕಿಸಿ ನಿಂತಿದ್ದೇನೆ. ಯಾರ ಮೇಲೆ ಎಂದು ಕೇಳಿದರೆ ಮಾತ್ರ ಉತ್ತರ ಸುಲಭವಲ್ಲ. ಎದುರಿಗೆ ಮನುಷ್ಯರಿದ್ದರೆ ಬೈಯಬಹುದು. ಇಲ್ಲಿ ಎದುರಿಗಿರುವುದು ಕಂಪ್ಯೂಟರಿನ ಪರದೆ, ಅದರ ಮೇಲೆ ಕೆಂಪಕ್ಷರದ ಒಂದು ಸಾಲು: ಹೆಸರು ಹೊಂದಾಣಿಕೆ ಆಗುತ್ತಿಲ್ಲ. ಪರದೆಯ ಪಕ್ಕ ಕೂತ ಹುಡುಗ ಪಾಪ, "ನನ್ ಕೈಲೇನೂ ಇಲ್ಲ ಮೇಡಂ, ಸಿಸ್ಟಮ್ ತಗೊಳ್ತಿಲ್ಲ" ಅನ್ನುತ್ತಾನೆ. ಅವನನ್ನು ಬೈದು ಏನು ಪ್ರಯೋಜನ?

ಎರಡು ವರ್ಷದ ಹಿಂದೆ ಒಬ್ಬ ತಾಯಿ ಶಾಲೆಗೆ ಬಂದಳು. ಚನ್ನಗಿರಿ ಸೀಮೆಯಲ್ಲಿ ಅದು ಅಡಿಕೆ ಸುಲಿಯುವ ಕಾಲ. ಆಗ ಒಂದು ದಿನ ಕೂಲಿ ಬಿಡುವುದೆಂದರೆ ಕೈಗೆ ಬಂದ ತುತ್ತು ಬಿಟ್ಟ ಹಾಗೆ. ಈಕೆ ನಾಲ್ಕು ದಿನ ಬಿಟ್ಟಿದ್ದಳು. ಗಂಡನಿಲ್ಲ. ಮಗಳು ನನ್ನ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಳು. ವಿದ್ಯಾರ್ಥಿವೇತನ ಬಂದಿರಲಿಲ್ಲ. ಶಾಲೆಯ ದಾಖಲೆಯಲ್ಲಿ ಹೆಸರಿನ ಕೊನೆಗೆ ಅಪ್ಪನ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರೇ ಇದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬರೀ ಹುಡುಗಿಯ ಹೆಸರು, ಅದರಲ್ಲೂ ಇಂಗ್ಲಿಷಿನ ಒಂದಕ್ಷರ ಹೆಚ್ಚು. ಒಂದು ಕಡೆ ಹೋದರೆ "ಶಾಲೆಯಲ್ಲಿ ಸರಿಮಾಡಿಸಿ ತಾ" ಎಂದರಂತೆ. ಶಾಲೆಯಲ್ಲಿ ನಾವು "ಆಧಾರ್ ಇದ್ದ ಹಾಗೆ ನಮಗೆ ಬದಲಾಯಿಸಲು ಬರುವುದಿಲ್ಲ, ಅಲ್ಲೇ ಸರಿಮಾಡಿಸಿ" ಎಂದಿದ್ದೆವು. ಮತ್ತೊಂದು ಕಡೆ ಅಫಿಡವಿಟ್ ಕೇಳಿದರು. ಆಕೆ ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನೆಲ್ಲ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು ಕೇಳಿದಳು: "ಅಕ್ಕೋರೆ, ಇದ್ರಾಗೆ ಯಾವ್ದು ನನ್ ಮಗಳ ಹೆಸ್ರು?"

ಹುಡುಗಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಈಗಾಗಲೇ ಅದನ್ನು ಸಾಕಷ್ಟು ಕಡೆ, ಸಾಕಷ್ಟು ಬಗೆಯಲ್ಲಿ ಬರೆದಿದ್ದಾರೆ.

ಆ ವರ್ಷ ದಸರಾ ರಜೆಯಲ್ಲಿ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. "ನಿನ್ನ ಕೆಲಸ ಏನಮ್ಮಾ?" ಎಂದು ಕೇಳಿದಾಗಲೆಲ್ಲ "ಡೇಟಾ ನೋಡ್ಕೊಳ್ಳೋದು ದೊಡ್ಡಮ್ಮ" ಎನ್ನುತ್ತಿದ್ದಳು. ಯಂತ್ರ ಓದಿದವಳು ಗುಮಾಸ್ತಿಕೆ ಮಾಡುತ್ತಾಳೆಯೇ ಎಂದು ನನಗೆ ಒಳಗೊಳಗೇ ಬೇಸರವಿತ್ತು. ಅಂದು ಚಕ್ಕುಲಿ ಒತ್ತುತ್ತಾ ಬಿಡಿಸಿ ಹೇಳಿದಳು.

ಒಂದು ಪಂಪಿನಲ್ಲಿ ಒಂದು ಬೋಲ್ಟು ಇದೆ ಅಂದುಕೊಳ್ಳಿ. ಅದರ ನಕ್ಷೆ ವಿನ್ಯಾಸ ಮಾಡುವವರ ಕಂಪ್ಯೂಟರಿನಲ್ಲಿರುತ್ತದೆ. ಅದನ್ನು ಕೊಳ್ಳುವವರದು ಬೇರೆ ಕಂಪ್ಯೂಟರ್, ಉಗ್ರಾಣದವರದು ಬೇರೆ, ಕಾರ್ಖಾನೆಯಲ್ಲಿ ಜೋಡಿಸುವವರದು ಇನ್ನೊಂದು, ಮಾರಿದ ಮೇಲೆ ರಿಪೇರಿ ಮಾಡುವವರದು ಮತ್ತೊಂದು. ಒಂದು ಕಡೆ ಅದಕ್ಕೆ ನಂಬರು, ಇನ್ನೊಂದು ಕಡೆ ಹೆಸರು, ಮತ್ತೊಂದು ಕಡೆ ಹಳೆಯ ನಂಬರು. ವಿನ್ಯಾಸದವರು ಬೋಲ್ಟನ್ನು ಐದು ಮಿಲಿಮೀಟರ್ ಉದ್ದ ಮಾಡಿದರು, ಕೊಳ್ಳುವವರ ಕಂಪ್ಯೂಟರಿಗೆ ಸುದ್ದಿ ಮುಟ್ಟಲಿಲ್ಲ ಎಂದರೆ ಸಾವಿರಾರು ಗಿಡ್ಡ ಬೋಲ್ಟು ಬಂದು ಬೀಳುತ್ತವೆ. ಹಾಗಾಗದಂತೆ ನೋಡಿಕೊಳ್ಳುವುದೇ ಇವಳ ಕೆಲಸ.

ನಮ್ಮ ಮದುವೆ ಮನೆಗಳಲ್ಲಿ ಇದು ನಡೆದೇ ಇದೆಯಲ್ಲ. ಅಡುಗೆ ಭಟ್ಟರ ಪಟ್ಟಿಯಲ್ಲಿ "ಬೇಳೆ 20 ಕೆಜಿ" ಎಂದಿರುತ್ತದೆ. ಅವರ ಮನಸ್ಸಿನಲ್ಲಿರುವುದು ಹೋಳಿಗೆಗೆ ಕಡಲೆಬೇಳೆ, ಅಂಗಡಿಯವನು ಕಟ್ಟುವುದು ತೊಗರಿಬೇಳೆ. ಆಮೇಲೆ ಚಪ್ಪರದಡಿ ನಿಂತು ಒಬ್ಬರನ್ನೊಬ್ಬರು ಬೈದುಕೊಳ್ಳುವುದು. ಇಂಜಿನಿಯರುಗಳು ಹೀಗೆ ಬೈದಾಡಿ ಸುಸ್ತಾದ ಮೇಲೆ ಒಂದು ಶಿಸ್ತು ಮಾಡಿಕೊಂಡಿದ್ದಾರೆ. ಪ್ರತಿ ಸಾಮಾನಿಗೂ ಒಂದೇ ನಂಬರು. ನಕ್ಷೆ ಬದಲಾದರೆ ಹಳೆಯದನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಎ, ಬಿ, ಸಿ ಎಂದು ಆವೃತ್ತಿಯ ಅಕ್ಷರ ಹಾಕುತ್ತಾರೆ. ಯಾರು, ಯಾವಾಗ, ಏಕೆ ಬದಲಿಸಿದರೆಂದು ಬರೆದಿಡುತ್ತಾರೆ. ಮೂಲ ಪ್ರತಿ ಇರುವುದು ಒಂದು ಕಡೆ, ತಿದ್ದುವ ಹಕ್ಕಿರುವುದೂ ಅಲ್ಲಿ ಮಾತ್ರ. ಉಳಿದವರೆಲ್ಲ ಅದರಿಂದ ನಕಲು ಪಡೆಯಬೇಕು. ಬೇರೆ ಬೇರೆ ತಂತ್ರಾಂಶಗಳು ಒಂದರ ಮಾತು ಒಂದಕ್ಕೆ ತಿಳಿಯಲೆಂದು 1994ರಲ್ಲೇ 'ಸ್ಟೆಪ್' ಎಂಬ ಅಂತರರಾಷ್ಟ್ರೀಯ ಮಾನಕ ಬಂದಿದೆಯಂತೆ.

ಇಷ್ಟೆಲ್ಲ ಶಿಸ್ತಿದ್ದೂ ಎಡವುತ್ತಾರೆ, ಎಡವಿದಾಗ ಸದ್ದು ದೊಡ್ಡದು. ಏರ್‌ಬಸ್ ಕಂಪನಿಯ ಎ-380 ವಿಮಾನದ ಕತೆ ಅವಳೇ ಹೇಳಿದ್ದು. ಎರಡು ಅಂತಸ್ತಿನ ಆ ವಿಮಾನವೊಂದರೊಳಗೆ ಸುಮಾರು 500 ಕಿಲೋಮೀಟರ್ ಉದ್ದದ ವಿದ್ಯುತ್ ತಂತಿ ಇರುತ್ತದೆ. ಜರ್ಮನಿಯ ಹ್ಯಾಂಬರ್ಗಿನವರೂ ಫ್ರಾನ್ಸಿನ ಟುಲೂಸಿನವರೂ ಸೇರಿ ಮಾಡಿದ ಕೆಲಸ. ಇಬ್ಬರೂ ಬಳಸಿದ್ದು ಕಟಿಯಾ ಎಂಬ ಒಂದೇ ಹೆಸರಿನ ತಂತ್ರಾಂಶ, ಆದರೆ ಒಬ್ಬರದು ನಾಲ್ಕನೇ ಆವೃತ್ತಿ, ಇನ್ನೊಬ್ಬರದು ಐದನೆಯದು. ಲೆಕ್ಕ ಸರಿಯಾಗಿ ದಾಟಲಿಲ್ಲ. ಜೋಡಿಸಲು ಹೋದಾಗ ತಂತಿಗಳು ಗಿಡ್ಡವಾದವು. 2006ರಲ್ಲಿ ಕಂಪನಿ ವಿಮಾನ ತಡವಾಗುತ್ತದೆಂದು ಮತ್ತೆ ಮತ್ತೆ ಹೇಳಬೇಕಾಯಿತು, ದೊಡ್ಡ ಕುರ್ಚಿಯಲ್ಲಿದ್ದವರು ಇಳಿದುಹೋದರು, ಮೊದಲ ವಿಮಾನ ಗಿರಾಕಿಯ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು, 1999ರ ಸೆಪ್ಟೆಂಬರಿನಲ್ಲಿ, ಅಮೆರಿಕದ ನಾಸಾ ಮಂಗಳನತ್ತ ಕಳಿಸಿದ್ದ ನೌಕೆಯೊಂದು ನಾಶವಾಯಿತು. ಒಂದು ತಂತ್ರಾಂಶ ಪೌಂಡಿನ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ನ್ಯೂಟನ್ನಿನ ಲೆಕ್ಕವೆಂದು ತಿಳಿದಿತ್ತು. ಅಷ್ಟು ಓದಿದವರೂ ಹೀಗೆ ಮಾಡುತ್ತಾರಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು ಎಂದರೆ ಸುಳ್ಳಲ್ಲ.

ಆದರೆ ನಾನು ಕೇಳಿದ ಪ್ರಶ್ನೆ ಬೇರೆ. "ಎರಡು ಕಂಪ್ಯೂಟರಿನಲ್ಲಿ ಬೋಲ್ಟಿನ ಲೆಕ್ಕ ಬೇರೆ ಬೇರೆ ಬಂದರೆ ಓಡಾಡುವವರು ಯಾರಮ್ಮಾ?" ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಾವೇ ದೊಡ್ಡಮ್ಮ, ಮತ್ಯಾರು? ಬೋಲ್ಟು ಬಂದು ಹೇಳತ್ತಾ?"

ಬೋಲ್ಟು ಬಂದು ಹೇಳುವುದಿಲ್ಲ. ಕೂಲಿ ಬಿಟ್ಟು ಬಸ್ಸು ಹತ್ತುವುದಿಲ್ಲ. ನೋಟರಿಯ ಮುಂದೆ ನಿಂತು "ಈ ಎರಡೂ ಹೆಸರಿನ ಬೋಲ್ಟು ನಾನೇ" ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕುವುದಿಲ್ಲ. ಅಂಥ ಅಫಿಡವಿಟ್ ತರುವುದು ಚನ್ನಗಿರಿ ತಾಲ್ಲೂಕಿನ ಅಡಿಕೆ ಸುಲಿಯುವ ಹೆಂಗಸು. ನನ್ನ ಜಗಳ ಇರುವುದು ಇಷ್ಟೇ.

ಈಗ ನಮ್ಮ ಶಾಲೆಯ ಕಡೆ ಬನ್ನಿ. ಒಂದು ಮಗುವಿಗೆ ಎಷ್ಟು ನಂಬರು ಗೊತ್ತೇ? ರಾಜ್ಯದ ಸ್ಯಾಟ್ಸ್ ತಂತ್ರಾಂಶದ ನಂಬರು ಒಂದು. ಕೇಂದ್ರದ ಯುಡೈಸ್ ಪ್ಲಸ್‌ನಲ್ಲಿ 2022-23ರಿಂದ ಒಂದೊಂದು ಮಗುವಿನ ವಿವರವನ್ನೂ ತುಂಬಬೇಕಾಯಿತು, ಅಲ್ಲಿಯ ನಂಬರು ಮತ್ತೊಂದು. ಆಧಾರ್ ನಂಬರು ಮೂರನೆಯದು. ಈಚೆಗೆ ಬಂದ ಅಪಾರ್ ಎಂಬ ಹನ್ನೆರಡಂಕಿಯ ನಂಬರು ನಾಲ್ಕನೆಯದು. ಶಾಲೆಯ ದಾಖಲೆಯೂ ಆಧಾರೂ ಒಂದಕ್ಕೊಂದು ಹೊಂದಿದರೆ ಮಾತ್ರ ಅದು ಹುಟ್ಟುತ್ತದೆ. ಪಾಠ ಮಾಡಬೇಕಾದ ಹೊತ್ತಿನಲ್ಲಿ ನಾವು ಒಂದೇ ಮಗುವಿನ ಒಂದೇ ವಿವರವನ್ನು ಬೇರೆ ಬೇರೆ ಪರದೆಗಳಲ್ಲಿ ಕುಟ್ಟುತ್ತಾ ಕೂರುತ್ತೇವೆ. ಸಂಜೆ ನಾಲ್ಕಕ್ಕೆ ನೆಟ್‌ವರ್ಕ್ ಸತ್ತಿರುತ್ತದೆ, ರಾತ್ರಿ ಹನ್ನೊಂದಕ್ಕೆ ಬರುತ್ತದೆ. ಅಡುಗೆಮನೆ ಕೆಲಸ ಮುಗಿಸಿ ರಾತ್ರಿ ಶಿಕ್ಷಕಿಯರು ಮಾಡುವುದು ಈ ಕೆಲಸವನ್ನೇ. ಕೈ ತಪ್ಪದೇ ಇರುತ್ತದೆಯೇ? ನಾನೂ ತಪ್ಪಿದ್ದೇನೆ.

ತಪ್ಪೊಪ್ಪಿಕೊಳ್ಳುವುದಾದರೆ ಇನ್ನೂ ಹಿಂದಿನದೂ ಇದೆ. ನಾನು ಜಗಳೂರಿನ ಕಡೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಜೂನ್ ತಿಂಗಳು ಮಕ್ಕಳನ್ನು ಸೇರಿಸುವಾಗ ಹುಟ್ಟಿದ ತಾರೀಖು ಕೇಳಿದರೆ ತಾಯಂದಿರು "ಸಜ್ಜೆ ಕೊಯ್ಯೋ ಹೊತ್ನಾಗೆ", "ಆ ದೊಡ್ಡ ಬರದ ವರ್ಷ" ಎನ್ನುತ್ತಿದ್ದರು. ನಾವು ಒಂದನೇ ಜೂನ್ ಎಂದು ಬರೆದುಬಿಡುತ್ತಿದ್ದೆವು. ನಿಮ್ಮ ಪೈಕಿಯೂ ಜೂನ್ ಒಂದರಂದು "ಹುಟ್ಟಿದ" ಎಷ್ಟೋ ಜನ ಇರಬಹುದು! ಆಗ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಆ ವಹಿ ನಮ್ಮ ಬೀರುವಿನಲ್ಲಿತ್ತು, ಇನ್ನೊಂದು ವಹಿಯ ಜತೆ ಮಾತಾಡುತ್ತಿರಲಿಲ್ಲ. ಈಗ ಮಾತಾಡುತ್ತಿವೆ. ಮಾತಾಡಿದೊಡನೆ ಒಂದನ್ನೊಂದು ಸುಳ್ಳುಗಾರ ಎನ್ನುತ್ತವೆ. ಆ ಸುಳ್ಳಿಗೆ ದಂಡ ತೆರುವುದು ಅಂದು ಬರೆದ ನಾನಲ್ಲ, ಬರೆಯಿಸಿಕೊಂಡ ಮಗು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಹಾಗೆ.

"ಜನರೇ ಹೆಸರನ್ನು ಒಂದೊಂದು ಕಡೆ ಒಂದೊಂದು ಥರ ಕೊಟ್ಟಿದ್ದಾರೆ, ಅದಕ್ಕೆ ನಾವೇನು ಮಾಡೋಣ" ಎನ್ನುವ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಜನ ಕೊಟ್ಟದ್ದು ಕನ್ನಡದಲ್ಲಿ ಒಂದೇ ಹೆಸರು. ಲಕ್ಷ್ಮಿ ಎಂದು ತಾಯಿ ಹೇಳುತ್ತಾಳೆ. ಅದನ್ನು ಇಂಗ್ಲಿಷಿಗೆ ತಿರುಗಿಸುವವನು ಒಬ್ಬ 'ಕೆ-ಎಸ್-ಎಚ್' ಹಾಕುತ್ತಾನೆ, ಇನ್ನೊಬ್ಬ 'ಎಕ್ಸ್' ಹಾಕುತ್ತಾನೆ, ಕೊನೆಗೆ ಒಬ್ಬ 'ಐ' ಬರೆದರೆ ಇನ್ನೊಬ್ಬನಿಗೆ ಎರಡು 'ಇ' ಬೇಕು. ಹೊಂದಾಣಿಕೆಯ ಪರೀಕ್ಷೆ ನಡೆಯುವುದು ಈ ಇಂಗ್ಲಿಷಿನ ಮೇಲೆ. ಇನಿಷಿಯಲ್ಲಿನ ಗತಿಯೂ ಅದೇ. ನಮ್ಮ ಕಡೆ ಊರು, ಅಪ್ಪನ ಹೆಸರು ಸೇರಿಸಿ ಎರಡಕ್ಷರ ಹಾಕುತ್ತೇವೆ, ಒಬ್ಬರು ಮುಂದೆ, ಒಬ್ಬರು ಹಿಂದೆ. ಕಂಪ್ಯೂಟರಿನ ನಮೂನೆ ಮಾತ್ರ 'ಮೊದಲ ಹೆಸರು', 'ಕೊನೆಯ ಹೆಸರು' ಎಂದು ಎರಡು ಚೌಕ ಇಟ್ಟುಕೊಂಡು ಕೂತಿದೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಕೊನೆಯ ಹೆಸರೇ ಇಲ್ಲ. ಇಲ್ಲದ್ದನ್ನು ಎಲ್ಲಿಂದ ತರುವುದು? ಕೂತ ಹುಡುಗ ತನಗೆ ತೋಚಿದ್ದನ್ನು ತುಂಬುತ್ತಾನೆ. ತಪ್ಪು ಮಾಡಿದ್ದು ಚೌಕ. ತಿದ್ದಿಸಿಕೊಳ್ಳಬೇಕಾದದ್ದು ಜನ!

ಸರ್ಕಾರ ತನ್ನ ಹೆಸರನ್ನೇ ಎಷ್ಟು ನೆಟ್ಟಗೆ ಇಟ್ಟುಕೊಂಡಿದೆ, ನೋಡೋಣ. ನಮ್ಮ ಜಿಲ್ಲೆಯ ಹೆಸರಿಗೆ ಇಂಗ್ಲಿಷಿನಲ್ಲಿ ನಡುವೆ ಒಂದು 'ಎ' ಇರುವ ಬೋರ್ಡೂ ಇದೆ, ಇಲ್ಲದ ಬೋರ್ಡೂ ಇದೆ. ಅದಕ್ಕಾಗಿ ದಾವಣಗೆರೆಗೆ ಬರುವ ಅನುದಾನವನ್ನು ಯಾರಾದರೂ ತಡೆದಿದ್ದಾರೆಯೇ? ನ್ಯಾಮತಿಯಲ್ಲಿ ಹುಟ್ಟಿದ ನನ್ನ ಗೆಳತಿಯೊಬ್ಬಳು ಹುಟ್ಟಿದಾಗ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕಿನವಳು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಗೆಳತಿ ದಾವಣಗೆರೆ ಜಿಲ್ಲೆಯವಳಾದಳು. 2018ರ ಹೊತ್ತಿಗೆ ನ್ಯಾಮತಿಯೇ ತಾಲ್ಲೂಕಾಯಿತು. ಮನೆ ಇದ್ದಲ್ಲೇ ಇದೆ, ಬಾಗಿಲ ಮುಂದಿನ ಬೇವಿನ ಮರವೂ ಅಲ್ಲೇ ಇದೆ, ವಿಳಾಸ ಎರಡು ಸಲ ಬದಲಾಗಿದೆ. ಈ ನಡುವೆ 2014ರ ನವೆಂಬರ್ 1ರಿಂದ ಶಿವಮೊಗ್ಗದ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ಇಲಾಖೆಗಳೆಲ್ಲ ಒಂದೇ ದಿನ ತಮ್ಮ ಪಟ್ಟಿ ತಿದ್ದಿಕೊಳ್ಳಲಿಲ್ಲ. ಬದಲಿಸಿದ್ದು ಸರ್ಕಾರ, ಆದರೆ "ಹಿಂದಿನ ವಿಳಾಸಕ್ಕೂ ಇದಕ್ಕೂ ತಾಳೆಯಾಗುತ್ತಿಲ್ಲ" ಎಂದು ಕೇಳಿಸಿಕೊಂಡದ್ದು ನನ್ನ ಗೆಳತಿ. ನನ್ನ ತಂಗಿಯ ಮಗಳ ಕಂಪನಿಯಾಗಿದ್ದರೆ ಆವೃತ್ತಿ ಎ, ಆವೃತ್ತಿ ಬಿ, ಆವೃತ್ತಿ ಸಿ ಎಂದು ಬರೆದು ಮೂರನ್ನೂ ಕಟ್ಟಿ ಇಟ್ಟಿರುತ್ತಿದ್ದರು.

ಹೆಂಗಸರಿಗೆ ಈ ಆವೃತ್ತಿಗಳು ಇನ್ನೂ ಜಾಸ್ತಿ. ಹುಟ್ಟಿದಾಗ ಅಪ್ಪನ ಇನಿಷಿಯಲ್, ಮದುವೆಯಾದರೆ "ಕೋಂ" ಎಂದು ಗಂಡನ ಹೆಸರು, ಕೆಲವು ಕಡೆ ಅತ್ತೆಮನೆಯಲ್ಲಿ ಹೆಸರನ್ನೇ ಬದಲಿಸುವ ಪದ್ಧತಿ. ಗಂಡಸು ಹುಟ್ಟಿದ ಹೆಸರಿನಲ್ಲೇ ಮಣ್ಣಾಗುತ್ತಾನೆ. ಹಾಗಾಗಿ ಎರಡು ಕಂಪ್ಯೂಟರುಗಳು ಜಗಳವಾಡಿದಾಗ ಸಿಕ್ಕಿಬೀಳುವವರಲ್ಲಿ ನಾವೇ ಹೆಚ್ಚು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾಯಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಒಳ್ಳೆಯ ಯೋಜನೆ, ನಾನು ಅದರ ಪರ. ಆದರೆ ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು ಇದ್ದವರು ಎಷ್ಟು ಅಲೆದರು ಎಂಬುದು ನಿಮ್ಮ ಬೀದಿಯಲ್ಲೇ ಗೊತ್ತಿರುತ್ತದೆ. ಯಜಮಾನಿ ಎಂದು ಕರೆದು ಸಾಲಿನಲ್ಲಿ ನಿಲ್ಲಿಸಿದ ಹಾಗೆ!

"ಎಲ್ಲಕ್ಕೂ ಒಂದೇ ನಂಬರು ಮಾಡಿಬಿಟ್ಟರೆ ಮುಗೀತಲ್ಲ ಮೇಡಂ" ಎಂದು ನಮ್ಮ ಶಾಲೆಯ ಕಿರಿಯ ಶಿಕ್ಷಕರು ಹೇಳುತ್ತಾರೆ. ಅವರು ಹೇಳುವುದರಲ್ಲಿ ಅರ್ಧ ನಿಜವಿದೆ. ಒಂದೇ ನಂಬರು ಇದ್ದರೆ ಹುಡುಕುವುದು ಸುಲಭ. ಆದರೆ ಆ ಒಂದು ಕಡೆಯೇ ತಪ್ಪಿದ್ದರೆ? ಹಿಂದೆ ಒಂದು ವಹಿಯಲ್ಲಿದ್ದ ತಪ್ಪು ಆ ವಹಿಯಲ್ಲೇ ಇರುತ್ತಿತ್ತು, ಈಗ ಹತ್ತು ಕಡೆ ಹರಡುತ್ತದೆ. ತಪ್ಪು ಹರಡುವಷ್ಟು ಬೇಗ ತಿದ್ದುಪಡಿಯೂ ಹರಡಬೇಕು. ಅದು ಮಾತ್ರ ಆಗುವುದಿಲ್ಲ. ತಪ್ಪು ತಾನಾಗಿಯೇ ಹೋಗುತ್ತದೆ, ತಿದ್ದುಪಡಿಯನ್ನು ನಾವು ಹೊತ್ತುಕೊಂಡು ಹೋಗಬೇಕು.

ಇದು ಸಾಧ್ಯವೇ ಇಲ್ಲದ ಕೆಲಸವೇನೂ ಅಲ್ಲ. ನಮ್ಮ ರಾಜ್ಯದಲ್ಲೇ ಜಮೀನಿಗೆ ಮಾಡಿದ್ದಾರೆ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, 2002ರ ಹೊತ್ತಿಗೆ ಕೈಬರಹದ ಪಹಣಿಯನ್ನೇ ನಿಲ್ಲಿಸಿದರು. ದೇಶವೆಲ್ಲ ಬಂದು ನೋಡಿಕೊಂಡು ಹೋಯಿತು. ಆಮೇಲೆ ಉಪನೋಂದಣಿ ಕಚೇರಿಯ ಕಾವೇರಿ ತಂತ್ರಾಂಶವನ್ನು ಅದಕ್ಕೆ ಜೋಡಿಸಿದರು. ಜಮೀನು ಕ್ರಯವಾದರೆ ಸುದ್ದಿ ತಾನಾಗಿ ಅಲ್ಲಿಂದ ಇಲ್ಲಿಗೆ ಬಂದು ಖಾತೆ ಬದಲಾವಣೆಯ ಕೆಲಸ ಶುರುವಾಗುತ್ತದೆ. ಅಲ್ಲಿಯೂ ಕಷ್ಟಗಳಿಲ್ಲವೆಂದಲ್ಲ. ಪಹಣಿಯ 3ನೇ ಕಾಲಮ್ಮಿನ ಒಟ್ಟು ವಿಸ್ತೀರ್ಣಕ್ಕೂ 9ನೇ ಕಾಲಮ್ಮಿನ ಮಾಲೀಕರ ವಿಸ್ತೀರ್ಣಕ್ಕೂ ತಾಳೆಯಾಗದೆ ಅಲೆದ ರೈತರ ಕತೆ ಹೇಳಲು ಇನ್ನೊಂದು ಬರಹವೇ ಬೇಕು. ಆದರೂ ಎರಡು ಗುಂಟೆ ಜಮೀನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ನಡೆದುಹೋಗಬಹುದಾದರೆ, ಒಂದು ಹುಡುಗಿಯ ಹೆಸರು ಏಕೆ ಹೋಗಬಾರದು?

ನಾನು ಕೇಳುವುದು ದೊಡ್ಡದೇನಲ್ಲ. ಕನ್ನಡದಲ್ಲಿ ಬರೆದ ಹೆಸರೇ ಮೂಲವಾಗಲಿ, ಇಂಗ್ಲಿಷಿನದು ನಕಲು ಎಂದು ತಿಳಿಯಲಿ. ಯುನಿಕೋಡ್ ಬಂದ ಮೇಲೆ ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಒಂದೇ. ಮೊದಲಿನಂತೆ ನಾನು ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಹೊನ್ನಾಳಿಯ ಜೆರಾಕ್ಸ್ ಅಂಗಡಿಯಲ್ಲಿ ತೆರೆದರೆ ಇರುವೆ ಸಾಲಿನಂತೆ ಕಾಣುವ ಕಾಲ ಹೋಯಿತು. ಹಳೆಯ ಹೆಸರನ್ನು ಅಳಿಸದೆ ಪಕ್ಕದಲ್ಲಿ ಇಡಲಿ, "ಇವಳೇ ಅವಳು" ಎಂದು ಕಂಪ್ಯೂಟರಿಗೆ ಒಂದು ಸಲ ಹೇಳಿದರೆ ಸಾಕಾಗುವಂತೆ. ತಿದ್ದುಪಡಿಗೆ ಒಂದು ಕಡೆ ಹೋದರೆ ಸಾಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಪಟ್ಟಿ ತಾಳೆಯಾಗದಿದ್ದರೆ ಮೊದಲ ನೋಟೀಸು ಪಟ್ಟಿ ಇಟ್ಟುಕೊಂಡವರಿಗೆ ಹೋಗಬೇಕು. ಅವರು ಹುಡುಕಿ ಸರಿಮಾಡುವವರೆಗೆ ಮಗುವಿನ ದುಡ್ಡು ನಿಲ್ಲಬಾರದು. "ಹಾಗೆ ಮಾಡಿದರೆ ಮೋಸ ನುಸುಳುತ್ತದೆ" ಎನ್ನುತ್ತಾರೆ. ನುಸುಳಬಹುದು. ಆದರೆ ಮೋಸ ಮಾಡುವವನು ಎಲ್ಲ ಕಾಗದಗಳನ್ನೂ ಅಕ್ಷರ ತಪ್ಪದೆ ಹೊಂದಿಸಿಕೊಂಡೇ ಬರುತ್ತಾನೆ. ಅಕ್ಷರ ತಪ್ಪಿರುವುದು ನಿಜವಾದವರ ಕಾಗದದಲ್ಲಿ.

ಆ ಹುಡುಗಿಗೆ ಆ ವರ್ಷದ ವಿದ್ಯಾರ್ಥಿವೇತನ ಬರಲಿಲ್ಲ. ಮರುವರ್ಷ ಬಂತು. ಈಗ ಪಿಯುಸಿ ಓದುತ್ತಿದ್ದಾಳೆ. ಕಾಲೇಜಿಗೆ ಸೇರುವಾಗ ತಾಯಿ ಮತ್ತೆ ಅದೇ ಪ್ಲಾಸ್ಟಿಕ್ ಕವರು ಹಿಡಿದು ನನ್ನಲ್ಲಿಗೆ ಬಂದಿದ್ದಳು. ಕವರು ದಪ್ಪವಾಗಿತ್ತು. "ಒಂದನ್ನೂ ಬಿಸಾಕಿಲ್ಲ ಅಕ್ಕೋರೆ, ಯಾವಾಗ ಯಾವ್ದು ಕೇಳ್ತಾರೋ" ಎಂದಳು.

ನನಗೂ ನಿವೃತ್ತಿ ಹತ್ತಿರವಾಗುತ್ತಿದೆ. ಮೊನ್ನೆ ಪಿಂಚಣಿಯ ಕಾಗದಗಳನ್ನು ಜೋಡಿಸಿಕೊಳ್ಳಲು ಕೂತೆ. ಬಿಎ, ಬಿಎಡ್ ಪ್ರಮಾಣಪತ್ರಗಳಲ್ಲಿ ಅಪ್ಪನ ಇನಿಷಿಯಲ್ ಇದೆ, ಸೇವಾ ಪುಸ್ತಕದಲ್ಲಿ ಗಂಡನದು, ಬ್ಯಾಂಕಿನಲ್ಲಿ ಎರಡೂ. ಇಷ್ಟು ಬರೆದ ಮೇಲೆ ಹೇಳಲು ನಾಚಿಕೆಯಾಗುತ್ತದೆ. ಮುಂದಿನ ಸೋಮವಾರ ಅರ್ಧ ದಿನ ರಜೆ ಹಾಕಿದ್ದೇನೆ, ನೋಟರಿಯ ಹತ್ತಿರ ಹೋಗಬೇಕು.